ಒಂದೇ ಕಿಕ್ಕಿನ ಹೊಟ್ಟೆಕಿಚ್ಚು

ಹಳೇ ಬೈಕು ಸಾಕಿದವನ ಮನೇಲಿ ವಾರಕ್ಕೊಂದು ಫಜೀತಿ ತಪ್ಪೋದಿಲ್ಲ. ಪಕ್ಕದ್ಮನೇಲೂ ಅಂಥದ್ದೇ ಬೈಕಿದ್ದರೆ ವಾರಕ್ಕೆರಡು.

೧. ಕಂಬಳಿ

ತೊಂಬತ್ತರ ದಶಕದ ಕೊನೆ. ನಾನು ಹಾಸನದಲ್ಲಿ ಹೈಸ್ಕೂಲ್ ಮೇಷ್ಟ್ರು. ಪಕ್ಕದ್ಮನೆಯವರು ದಿನಾ ಚನ್ನರಾಯಪಟ್ಟಣಕ್ಕೆ ಓಡಾಡೋ ಬ್ಯಾಂಕ್ ಗುಮಾಸ್ತರು. ಇಬ್ಬರ ಹತ್ರಾನೂ ಒಂದೇ ಕಾಲದ, ಎರಡೆರಡು ಕಾರ್ಬುರೇಟರಿನ ಹಳೇ ಬೈಕು. ಬೆಳಗ್ಗೆ ಎಂಟಕ್ಕೆ ಅವರದ್ದು ಒಂದೇ ಕಿಕ್ಕಿಗೆ ಸ್ಟಾರ್ಟು. ನನ್ನದು ಇಪ್ಪತ್ತು ಕಿಕ್ಕಾದ್ರೂ ಕೆಮ್ಮಿ ಸುಮ್ಮನಾಗೋದು. ಸಾಲದ್ದಕ್ಕೆ ಹೊರಡೋವರೆಗೂ ಅವರು ಗಾಡಿಗೆ ಕಂಬಳಿ ಬೇರೆ ಹೊದಿಸಿರೋರು. ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯೋದು, ಮುಚ್ಚಿಡೋದೇನಿದೆ.

ನನ್ನ ಹೆಂಡತಿ ಕಾಂಪೌಂಡ್ ಹತ್ರ ನಿಂತು, "ಅವರದ್ದು ನೋಡಿ, ಒಂದೇ ಕಿಕ್ಕು" ಅನ್ನೋಳು.

"ಅವರು ಕಂಬಳಿ ಹೊದಿಸ್ತಾರೆ ಕಣೇ."

"ನೀವೂ ಹೊದಿಸಿ."

ಹೊದಿಸಿದೆ. ಬೆಳಗ್ಗೆ ಗಾಡಿ ಹೊರಡಲಿಲ್ಲ, ನನಗೆ ಶೀತ ಆಯ್ತು. ಮನೇಲಿದ್ದದ್ದು ಅದೊಂದೇ ಕಂಬಳಿ.

೨. ಒಳಗಡೆ ಪೂಜೆ

ಕಾರ್ಬುರೇಟರ್ ಬಿಚ್ಚಿ ನಾನೇ ರಿಪೇರಿ ಮಾಡ್ತೀನಿ ಅಂತ ಹೊರಟೆ. ಹಾಲ್‌ನಲ್ಲಿ ಪೇಪರ್ ಹಾಸಿ, ಎಡಗಡೇದು ಎಡಕ್ಕೆ, ಬಲಗಡೇದು ಬಲಕ್ಕೆ, ಪುಟಾಣಿ ಹಿತ್ತಾಳೆ ಜೆಟ್ಟುಗಳನ್ನೆಲ್ಲ ಸಾಲಾಗಿ ಇಟ್ಟೆ. ಜೆಟ್ಟಿನ ತೂತು ಸೂಜಿಮೊನೆಗಿಂತ ಸಣ್ಣದು, ಪೆಟ್ರೋಲು ಅದರಲ್ಲೇ ಹಾಯಬೇಕು. ಮಾರನೇ ದಿನ ಆಯುಧಪೂಜೆ. ಬೂದುಗುಂಬಳ ತರೋಕೆ ಮಾರ್ಕೆಟ್ಟಿಗೆ ಹೋಗಿ ಬರೋಷ್ಟರಲ್ಲಿ ಪೇಪರ್ ಖಾಲಿ.

ಹೆಂಡತಿ ದೀಪದ ಕಂಬಗಳ ಜೊತೆ ಜೆಟ್ಟುಗಳನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ, ಎಲ್ಲಾನೂ ಒಂದೇ ತಟ್ಟೇಲಿ ರಾಶಿ ಹಾಕಿ, ಒಂದೊಂದಕ್ಕೂ ಕುಂಕುಮ ಇಟ್ಟಿದ್ದಳು. ಎಡ ಯಾವುದು, ಬಲ ಯಾವುದು, ದೇವರಿಗೇ ಗೊತ್ತು. ತೂತುಗಳೂ ಮುಚ್ಚಿಹೋಗಿದ್ದವು.

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅವಳು ಸಮಾಧಾನ ಹೇಳಿದಳು: "ಪಕ್ಕದ್ಮನೆಯೋರ ಗಾಡಿಗೆ ಬರೀ ಹೊರಗಡೆ ಪೂಜೆ. ನಮ್ಮದಕ್ಕೆ ಒಳಗಡೆಗೂ ಆಯ್ತು."

೩. ಅರಕಲಗೂಡಿನ ಡಾಕ್ಟರು

ಅರಕಲಗೂಡಿನಲ್ಲಿ ಇಂಥ ಗಾಡಿಗಳ ಹಳೇ ಮೆಕ್ಯಾನಿಕ್ ಒಬ್ಬರಿದ್ದರು. ಎರಡೂ ಕಾರ್ಬುರೇಟರನ್ನ ಊಟದ ಡಬ್ಬಿಗೆ ತುಂಬ್ಕೊಂಡು ಬಸ್ ಹತ್ತಿದೆ. ಮೆಕ್ಯಾನಿಕ್ ಜೆಟ್ಟಿಗೆ ಗಾಳಿ ಹೊಡೆದರೆ ಕೆಂಪು ಪುಡಿ ಹಾರಿತು.

"ಏನ್ ಸಾ ಇದು, ಕುಂಕುಮ ಬತ್ತಾ ಐತೆ?"

"ಪೂಜೆ ಆಗಿದೆ."

"ಪೂಜೆ ಮಾಡುದ್ರೂ ಓಡ್ನಿಲ್ಲ ಅಂದ್ರೆ, ನಾನೇನ್ ದೇವ್ರಿಗಿಂತ ದೊಡ್ಡೋನಾ ಸಾ?"

ಆದರೂ ಕೂತು ಎಲ್ಲ ಸರಿ ಮಾಡಿ ಕೊಟ್ಟರು. "ಜೋಡೆತ್ತು ಇದ್ದಂಗೆ ಸಾ. ಒಂದು ಎಳ್ದು ಒಂದು ನಿಂತ್ರೆ ಆಗಾಕಿಲ್ಲ. ವಯಸ್ಸಾದ ಗಾಡಿ, ಬೆಳಗ್ಗೆ ಒಂದ್ಸಲ ತಳ್ಳಿ ಬಿಸಿ ಮಾಡ್ಬುಡಿ. ಆಮ್ಯಾಕೆ ಒಂದೇ ಕಿಕ್ಕು. ಇನ್ನೊಂದು ಮಾತು ಸಾ, ಇನ್ಮ್ಯಾಕೆ ನೀವು ಪಾಠ ಮಾಡಿ, ಬಿಚ್ಚೋದು ನಮಗೆ ಬುಡಿ."

೪. ವಾಕಿಂಗು

ಮೇಷ್ಟ್ರು ಗಾಡಿ ತಳ್ಳೋದನ್ನ ಬೀದಿ ನೋಡಬಾರದು, ಹೆಂಡತಿಯಂತೂ ನೋಡಲೇಬಾರದು. ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿ ಅವಳ ಬಾಯಿ ಮುಚ್ಚಿಸಬೇಕು ಅಂತ ನನ್ನ ಹಟ. ಅವಳು ಮಲಗಿದ್ದಾಗಲೇ, ಆರು ಗಂಟೆ ಮಂಜಿನಲ್ಲಿ ಗಾಡಿ ಉರುಳಿಸ್ಕೊಂಡು ಹಿಂದಿನ ರಸ್ತೆಗೆ ಹೋದೆ.

ಮುಂದೆ ಯಾರೋ ಬೈಕ್ ಮೇಲೆ ಕೂತಿದ್ದರು. ಸ್ವೆಟರ್ ಹಾಕಿದ ಹೆಂಗಸೊಬ್ಬರು ಸೆರಗು ಸಿಕ್ಕಿಸಿಕೊಂಡು ಹಿಂದಿನಿಂದ ತಳ್ಳುತ್ತಿದ್ದರು. ಗಾಡಿ ಸ್ಟಾರ್ಟ್ ಆಯ್ತು. ನೋಡಿದರೆ ನಮ್ಮ ಒಂದೇ ಕಿಕ್ಕಿನ ಗುಮಾಸ್ತರು, ತಳ್ಳಿದ್ದು ಅವರ ಹೆಂಡತಿ. ಎಷ್ಟೋ ವರ್ಷದ ಉರಿ ಒಂದೇ ಕ್ಷಣಕ್ಕೆ ತಣ್ಣಗಾಯ್ತು.

"ಏನ್ ಮೇಷ್ಟ್ರೇ, ವಾಕಿಂಗಾ?" ಅಂದರು ಗುಮಾಸ್ತರು.

"ಹೂಂ. ನೀವು?"

"ನಾವೂ ವಾಕಿಂಗೇ."

ಅವರ ಹೆಂಡತಿ ಇಬ್ಬರನ್ನೂ ನೋಡಿ, "ಕೂತ್ಕೊಳಿ ಮೇಷ್ಟ್ರೇ" ಅಂತ ನನ್ನ ಗಾಡಿಯನ್ನೂ ತಳ್ಳಿದರು. ಗುಮಾಸ್ತರು ತಮ್ಮದು ಆಫ್ ಆಗದ ಹಾಗೆ ಆಕ್ಸಿಲರೇಟರ್ ಹಿಡಿದೇ ಕೂತಿದ್ದರು. "ಮನೆಗೆ ಹೋಗಿ ಕಂಬಳಿ ಹೊದಿಸಿ, ಬಿಸಿ ಆರಬಾರ್ದು" ಅಂದರು.

ಎಂಟು ಗಂಟೆಗೆ ಎರಡೂ ಗಾಡಿ ಒಂದೊಂದೇ ಕಿಕ್ಕಿಗೆ ಗುಡುಗಿದವು. ನನ್ನ ಹೆಂಡತಿಗೆ ಹಿಗ್ಗೋ ಹಿಗ್ಗು. ಕಾಂಪೌಂಡ್ ಹತ್ರ ಓಡಿ, "ನೋಡಿದ್ರಾ, ನಮ್ಮೋರದ್ದೂ ಒಂದೇ ಕಿಕ್ಕು. ನೀವು ಹೊಟ್ಟೆ ಉರ್ಕೋಬಾರ್ದು ಕಣ್ರೀ" ಅಂದಳು.

ಗುಮಾಸ್ತರ ಹೆಂಡತಿ ಬೆನ್ನಿಗೆ ಕೈ ಕೊಟ್ಟುಕೊಂಡು ನಿಂತಿದ್ದರು.

"ಹೊಟ್ಟೆಗೇನೂ ಆಗಿಲ್ಲ ಕಣ್ರೀ. ಸೊಂಟ ಬಿದ್ದೋಗಿದೆ. ಬೆಳಗ್ಗೆ ಎರಡನ್ನೂ ತಳ್ಳಿದ್ದು ನಾನೇ."