ಸೊಂಟ ಮುರಿದವರನ್ನು ನಿಲ್ಲಿಸುವ ಕೆಲಸ

ನಾನು ಫಿಸಿಯೋಥೆರಪಿಯವಳು. ಬಿದ್ದು ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಮನೆಗೆ ಬಂದ ಹಿರಿಯರಿಗೆ ಮತ್ತೆ ಬೀಳದೆ ನಿಲ್ಲುವುದನ್ನು ಕಲಿಸಲು ಪುತ್ತೂರು, ಸುಳ್ಯ, ಕಡಬದ ಮನೆಗಳಿಗೆ ಸ್ಕೂಟರಿನಲ್ಲಿ ಹೋಗುತ್ತೇನೆ. ಮೂಳೆ ಕೂಡಿಕೊಳ್ಳುತ್ತದೆ, ಹೆದರಿಕೆ ಹೋಗುವುದಿಲ್ಲ. ನಗುವಂಥ ಕೆಲಸವೇ ಅಲ್ಲ. ಆದರೂ ಆಗಾಗ ಯಾರಾದರೊಬ್ಬರು ನಗಿಸಿಯೇ ಕಳಿಸುತ್ತಾರೆ.

೧. ಅಲ್ಲಾಡದ ನೆಲ

ಸುಳ್ಯದ ಒಬ್ಬರು ನಿವೃತ್ತ ಕಂಡಕ್ಟರ್. ಮೂವತ್ತು ವರ್ಷ ಘಾಟಿಯ ತಿರುವುಗಳಲ್ಲಿ ಕಂಬ ಹಿಡಿಯದೆ ಟಿಕೆಟ್ ಕೊಟ್ಟವರು. ಬಿದ್ದದ್ದು ಬಚ್ಚಲಲ್ಲಿ. ಕಿಟಕಿಯ ಸರಳು ಬಿಟ್ಟು ನಿಲ್ಲಿ ಎಂದರೆ ಬಿಡಲೇ ಇಲ್ಲ. ಕಣ್ಣಲ್ಲಿ ನೀರು.

"ಓಡುವ ಬಸ್ಸಲ್ಲೇ ನಿಂತವರಲ್ವಾ ನೀವು?"

"ಬಸ್ಸು ಅಲ್ಲಾಡ್ತದೆ ಅಂತ ಮೊದಲೇ ಗೊತ್ತಿತ್ತು ಮಾರಾಯ್ರೆ. ಈ ನೆಲವನ್ನು ನಾನು ನಂಬಿದ್ದೆ!"

೨. ಅಕ್ಕನ ಅವಸರ

ಕಡಬದ ಬ್ಯಾರಿ ಮುಸ್ಲಿಂ ಮನೆಯ ಹಿರಿಯಮ್ಮನನ್ನು ಮನೆಯವರಂತೆ ನಾನೂ ಉಮ್ಮ, ಅಂದರೆ ಅಮ್ಮ, ಎನ್ನುತ್ತಿದ್ದೆ. ಅವರಿಗೆ ಒಂದೇ ಆಸೆ. ಪುತ್ತೂರಿನಲ್ಲಿ ಹಾಸಿಗೆ ಹಿಡಿದಿದ್ದ ಅಕ್ಕನನ್ನು ನೋಡಬೇಕು. ಅಕ್ಕನ ಮನೆಗೆ ಐದು ಮೆಟ್ಟಿಲು. ಅದಕ್ಕಾಗಿ ದಿನವೂ ಗೋಡೆ ಹಿಡಿದು, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನಡೆದರು. ಎರಡು ತಿಂಗಳಿಗೆ ತಮ್ಮ ಮನೆಯಲ್ಲೇ ಐದು ಮೆಟ್ಟಿಲು ಹತ್ತಿದರು. ಆ ವಾರವೇ, ಇವರು ಪುತ್ತೂರಿಗೆ ಹೊರಡುವ ಮೊದಲೇ, ಅಕ್ಕ ತೀರಿಕೊಂಡರು.

ನಾನು ಹೋದಾಗ ಉಮ್ಮ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಕೂತೆ.

"ಅವಳಿಗೆ ಯಾವತ್ತೂ ಅವಸರ," ಎಂದರು. "ಮದುವೆಗೂ ನನ್ನನ್ನು ಕಾಯಲಿಲ್ಲ."

"ಅವರು ಅಕ್ಕ ಅಲ್ವಾ ಉಮ್ಮಾ?"

"ಹಾಗಂತ ಎಲ್ಲದಕ್ಕೂ ಮೊದಲು ಹೋಗ್ಬೇಕಾ?"

೩. ಹದಿನೇಳರ ಮಗ್ಗಿ

ರಾಮಕುಂಜದ ಕಡೆಯ ಒಂದು ಮನೆಗೆ ಹೋದಾಗ ಬಾಗಿಲಲ್ಲೇ ಕೈಕಟ್ಟಿ ನಿಂತುಬಿಟ್ಟೆ. ಮಂಚದಲ್ಲಿದ್ದವರು ಐದನೇ ಕ್ಲಾಸಿನಲ್ಲಿ ನನಗೆ ಗಣಿತ ಕಲಿಸಿದ ಮಾಷ್ಟ್ರು. ಮಗ್ಗಿ ತಪ್ಪಿದರೆ ಒಂದು ಕಾಲಲ್ಲಿ ನಿಲ್ಲಿಸುತ್ತಿದ್ದವರು.

"ಬಿದ್ದ ಮೇಲೆ ಊಟ ಬೇಡ, ಮಾತೂ ಇಲ್ಲ. ಹೀಗೇ ಹೋಗಿಬಿಡ್ತಾರೇನೋ," ಎಂದು ಮಗಳು ಅತ್ತಳು.

ಒಂದು ತಿಂಗಳು ಅವರನ್ನು ಮೇಜು ಹಿಡಿಸಿ ನಿಲ್ಲಿಸಿದೆ. ಹೇಳಿದ್ದನ್ನು ಮಾಡುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಧೈರ್ಯ ಮಾಡಿ ಹೇಳಿದೆ: "ಸರ್, ಇವತ್ತು ಒಂದು ಕಾಲು ಎತ್ತಬೇಕು. ನಾನು ಹತ್ತು ಎಣಿಸುವಷ್ಟು ಹೊತ್ತು."

ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದರು. "ನೀನು ನನ್ನ ಕ್ಲಾಸಿನವಳಲ್ವಾ? ನಿನ್ನನ್ನೂ ನಿಲ್ಲಿಸಿದ್ದೆನಾ?"

"ಹೌದು ಸರ್. ಹದಿನೇಳರ ಮಗ್ಗಿಗೆ."

"ಹಾಗಾದ್ರೆ ಎಣಿಸುದು ಬೇಡ. ಅದನ್ನೇ ಹೇಳು."

ಮೇಜು ಹಿಡಿದು ಕಾಲೆತ್ತಿದರು. ನಾನು ಅವರ ಬೆನ್ನ ಹಿಂದೆ ಕೈಯಿಟ್ಟು ಶುರು ಮಾಡಿದೆ. ಹದಿನೇಳು ಏಳ್ಲಿಯವರೆಗೆ ಸರಾಗ. ಎಂಟಕ್ಕೆ ಬಂದಾಗ ಮರೆತೇಹೋಯಿತು.

ಮಾಷ್ಟ್ರು ಕಾಲು ಇಳಿಸಲಿಲ್ಲ. "ಎತ್ತು ಕಾಲು," ಎಂದರು.

ಎತ್ತಿದೆ. ಅಷ್ಟರಲ್ಲಿ ಚಹಾ ತಂದ ಮಗಳು, ಒಂಟಿ ಕಾಲಲ್ಲಿ ನಿಂತ ನಮ್ಮಿಬ್ಬರನ್ನು ಕಂಡು ನಕ್ಕುಬಿಟ್ಟಳು.

"ನಗುದೆಂತ? ಹದಿನೇಳು ಎಂಟ್ಲಿ ಎಷ್ಟು, ನೀನು ಹೇಳು!"

ಮಗಳು ಲೋಟಗಳನ್ನು ಮೇಜಿನ ಮೇಲಿಟ್ಟು, ತಾನೂ ಒಂದು ಕಾಲು ಎತ್ತಿದಳು.