ಒಳಗಿನ ಚಿಲಕ

ಅಷ್ಟೆಲ್ಲ ರಂಪಕ್ಕೆ ಮೂಲ ಒಂದು ಬಿಸ್ಕತ್ತಿನ ಡಬ್ಬಿ. ಅದು ಶಾಲೆಯ ದೊಡ್ಡ ಮೇಡಂ ಮೇಜಿನ ಮೇಲಿರುತ್ತಿತ್ತು. ಬೆಳಿಗ್ಗೆ ಬಂದ ಕೂಡಲೇ ಟೀಚರುಗಳೆಲ್ಲ ತಮ್ಮ ಮೊಬೈಲನ್ನು ಅದರೊಳಗೆ ಹಾಕಬೇಕು, ಸಂಜೆ ಹೋಗುವಾಗ ತೆಗೆದುಕೊಳ್ಳಬೇಕು. ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಜೀರುಂಡೆಗಳ ಸಂಸಾರದಂತೆ ಗುಯ್‌ಗುಡುತ್ತಿತ್ತು. ಆದರೂ ಮುಚ್ಚಳ ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಭೂಗೋಳದ ಟೀಚರಿಗೆ ಈ ಡಬ್ಬಿಯಿಂದ ಇದುವರೆಗೆ ನಷ್ಟವೇನೂ ಆಗಿರಲಿಲ್ಲ. ಹಗಲು ಹೊತ್ತಿನಲ್ಲಿ ಅವಳಿಗೆ ಫೋನ್ ಮಾಡುವವರು ಅತ್ತೆ ಒಬ್ಬರೇ, ಅದೂ ಜರಡಿ ಎಲ್ಲಿಟ್ಟಿದ್ದೀಯ ಎಂದು ಕೇಳಲು. ಆದರೆ ಇಂದಿನ ಕತೆ ಬೇರೆ. ಎರಡು ದೇಶಗಳ ಶಿಕ್ಷಕರನ್ನು ಒಂದು ವರ್ಷದ ಮಟ್ಟಿಗೆ ಅತ್ತಿತ್ತ ಕಳಿಸುವ ವಿದೇಶದ ಸಂಸ್ಥೆಯೊಂದಕ್ಕೆ ಅವಳು ಅರ್ಜಿ ಹಾಕಿದ್ದಳು. ಇಲ್ಲಿಂದ ಅಲ್ಲಿಗೆ ಹೋಗಬಹುದು, ಇಲ್ಲವೇ ಅಲ್ಲಿಯವರನ್ನು ಇಲ್ಲಿಗೆ ಕರೆಸಿಕೊಳ್ಳಬಹುದು. ಎರಡನೆಯದರ ಕಡೆ ಅವಳು ಕಣ್ಣೆತ್ತಿಯೂ ನೋಡಿರಲಿಲ್ಲ. ನಾಳೆ ಹಗಲು ಫೋನ್ ಮಾಡುತ್ತೇವೆ, ಎತ್ತದಿದ್ದರೆ ಅವಕಾಶ ಮುಂದಿನವರಿಗೆ ಎಂದು ನಿನ್ನೆ ಅವರಿಂದ ಸುದ್ದಿ ಬಂದಿತ್ತು.

ಯಾಕೆ ಬರಬಯಸುತ್ತೀರಿ ಎಂಬ ಪ್ರಶ್ನೆಗೆ ಅವಳು ಬೋಧನಾ ವಿಧಾನ, ಜ್ಞಾನದ ವಿನಿಮಯ ಎಂದೆಲ್ಲ ತೂಕದ ಮಾತುಗಳನ್ನು ಬರೆದಿದ್ದಳು. ನಿಜ ಹೇಳಬೇಕೆಂದರೆ ಅವಳನ್ನು ಹಿಡಿದು ನಿಲ್ಲಿಸಿದ್ದು ಸಂಸ್ಥೆಯವರು ಹಾಕಿದ್ದ ಒಂದು ಫೋಟೋ. ಬರುವ ಶಿಕ್ಷಕರಿಗೆ ಕೊಡುವ ಕೋಣೆ ಅದು. ಒಂದು ಮೇಜು, ಒಂದು ದೀಪ, ಒಂದು ಕಿಟಕಿ. ಬಾಗಿಲಿಗೆ ಒಳಗಿನಿಂದ ಚಿಲಕ. ಉಳಿದವರು ಕಿಟಕಿಯಾಚೆಯ ಸರೋವರ ನೋಡಿರಬಹುದು, ಅವಳು ನೋಡಿದ್ದು ಚಿಲಕವನ್ನು.

ಮನೆಯಲ್ಲಿ ಅವಳ ಜಾಗವೆಂದರೆ ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕದ ಸ್ಟೂಲು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಅಲ್ಲೇ ತಿದ್ದುತ್ತಿದ್ದಳು, ಯಾರಾದರೂ ಫ್ರಿಜ್ಜು ತೆಗೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಹಿಂದುಗಡೆಯ ಸಾಮಾನಿನ ಕೋಣೆ ಖಾಲಿ ಮಾಡಿಕೊಡಿ, ಒಂದು ಚಿಲಕ ಹಾಕಿಸಿಕೊಡಿ ಎಂದು ಗಂಡನನ್ನು ಮದುವೆಯಾದಾಗಿನಿಂದ ಕೇಳುತ್ತಿದ್ದಳು.

"ಅಲ್ಲಿರೋ ಸಾಮಾನು ಎಲ್ಲಿಡೋದೇ?" ಎನ್ನುತ್ತಿದ್ದ ಅವನು. "ಅಲ್ಲದೆ ನಮ್ಮನೇಲಿ ಚಿಲಕ ಯಾಕೆ? ನಾವೇನ್ ಕಳ್ಳರಾ?"

ಇಂದು ಬೆಳಿಗ್ಗೆ ಅವಳು ಅತ್ತೆಯ ಕೆಟ್ಟುಹೋದ ಹಳೆಯ ಮೊಬೈಲನ್ನು ತಂದು, ಮುಖದ ಮೇಲೆ ಗೆರೆಯೂ ಏಳದಂತೆ ಡಬ್ಬಿಗೆ ಹಾಕಿದಳು. ನಿಜವಾದ ಫೋನು ಕೈಯಲ್ಲೇ ಉಳಿಯಿತು. ಉಟ್ಟ ಬಟ್ಟೆಯಲ್ಲಿ ಜೇಬಿಲ್ಲ. ಕೈಚೀಲದಲ್ಲಿಟ್ಟರೆ ಸೀಟಿ ಮೇಷ್ಟ್ರ ಕಣ್ಣು ತಪ್ಪಿಸುವಂತಿಲ್ಲ. ಆಟದ ಮೇಷ್ಟ್ರಿಗೆ ಮಕ್ಕಳಿಟ್ಟ ಹೆಸರು ಅದು. ಸೀಟಿ ಕುತ್ತಿಗೆಯಲ್ಲಿ, ಮೂಗು ಮಾತ್ರ ಸದಾ ಬೇರೆಯವರ ಚೀಲದಲ್ಲಿ.

ಅವಳ ಕಣ್ಣು ಟೀಚರುಗಳ ಕೋಣೆಯ ಬೀರುವಿನ ಮೇಲಿದ್ದ ಗ್ಲೋಬಿನ ಮೇಲೆ ಬಿತ್ತು. ಹಳೆಯ ಗ್ಲೋಬು, ಭೂಮಧ್ಯರೇಖೆಯ ಬಳಿ ಎರಡು ಹೋಳಾಗಿ ಎಂದೋ ಟೇಪು ಸುತ್ತಿಸಿಕೊಂಡಿತ್ತು. ಅವಳು ಟೇಪು ಬಿಚ್ಚಿ, ಫೋನನ್ನು ಭೂಗರ್ಭಕ್ಕೆ ಇಳಿಸಿ, ಮತ್ತೆ ಸುತ್ತಿದಳು. ಭೂಮಿಯನ್ನು ಕಂಕುಳಲ್ಲಿ ಇರುಕಿಕೊಂಡು ತರಗತಿಯಿಂದ ತರಗತಿಗೆ ತಿರುಗಿದಳು.

"ಏನ್ ಟೀಚರ್, ಇವತ್ತು ಗ್ಲೋಬು ಇಳಿಸೋ ಹಾಗೇ ಕಾಣಲ್ಲ?" ಎಂದರು ಸೀಟಿ ಮೇಷ್ಟ್ರು. "ಎಳೆಗೂಸು ಎತ್ಕೊಂಡ ಹಾಗೆ ಎತ್ಕೊಂಡಿದೀರಿ!"

"ಹವಾಮಾನದ ಪಾಠ ಸಾರ್," ಎಂದಳು ಅವಳು.

"ಅದಕ್ಕೇ ಇಷ್ಟು ಬೆವರ್ತಿದೀರಾ?"

ಮಧ್ಯಾಹ್ನದವರೆಗೂ ಭೂಮಿ ತುಟಿಪಿಟಕ್ಕೆನ್ನಲಿಲ್ಲ. ಊಟ ಮುಗಿಸಿ ಕೈ ತೊಳೆಯಲು ಹೋಗಿ ಬರುವಷ್ಟರಲ್ಲಿ ಮೇಜಿನ ಮೇಲಿದ್ದ ಗ್ಲೋಬು ಮಂಗಮಾಯ.

"ಭೂಮಿ ಎಲ್ಲಿ?" ಎಂದು ಅವಳು ಕೂಗಿಕೊಂಡಳು.

ಗಣಿತದ ಟೀಚರ್ ಊಟದ ಡಬ್ಬಿಯಿಂದ ತಲೆಯೆತ್ತಲೂ ಇಲ್ಲ. "ನಿಮ್ಮ ಕಾಲ ಕೆಳಗೇ ಇದೆಯಲ್ರೀ."

"ತಮಾಷೆ ಬೇಡ! ಗ್ಲೋಬು!"

"ಓ, ಅದಾ? ಶಾಲೆ ಪತ್ರಿಕೆಗೆ ದೊಡ್ಡ ಮೇಡಂ ಫೋಟೋ ತೆಗೀತಿದಾರೆ. ಪಕ್ಕದಲ್ಲಿ ಗ್ಲೋಬಿದ್ರೆ ಕಳೆ ಬರುತ್ತೆ ಅಂತ ಸೀಟಿ ಮೇಷ್ಟ್ರು ಹೊತ್ಕೊಂಡು ಹೋದ್ರು."

ಅವಳು ದೊಡ್ಡ ಮೇಡಂ ಕೋಣೆಗೆ ಓಡಿದಳು.

ದೊಡ್ಡ ಮೇಡಂ ಎಡಗೈಯನ್ನು ಗ್ಲೋಬಿನ ಮೇಲಿಟ್ಟು, ಇಡೀ ಜಗತ್ತನ್ನು ದತ್ತು ತೆಗೆದುಕೊಂಡವರಂತೆ ಕೂತಿದ್ದರು. ಫೋಟೋದವನು ಗದ್ದ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಎನ್ನುತ್ತಿದ್ದ.

"ಮೇಡಂ, ಆ ಗ್ಲೋಬು ಬೇಡ," ಎಂದಳು ಅವಳು ಏದುಸಿರು ಬಿಡುತ್ತ. "ಬಹಳ ಹಳೇದು. ಗಡಿಗಳೆಲ್ಲ ತಪ್ಪಿವೆ."

"ಫೋಟೋದಲ್ಲಿ ಗಡಿ ಯಾರಿಗಮ್ಮಾ ಕಾಣುತ್ತೆ?"

"ಧೂಳು ಮೇಡಂ. ಒರೆಸಿಕೊಂಡು ಬರ್ತೀನಿ."

"ನಾನಾಗಲೇ ಒರೆಸಿದೀನಿ," ಎಂದರು ಸೀಟಿ ಮೇಷ್ಟ್ರು ಹೆಮ್ಮೆಯಿಂದ.

ಆಗ ಭೂಮಿಯೊಳಗಿಂದ ಕೋಳಿ ಕೂಗಿತು.

ಅವಳ ಮಗಳು ಆಟಕ್ಕೆಂದು ಫೋನಿಗೆ ಹಾಕಿಟ್ಟಿದ್ದ ಹುಂಜದ ಕೂಗು ಅದು. ಟೊಳ್ಳು ಗೋಳದೊಳಗೆ ನಾಲ್ಕು ಪಟ್ಟು ಜೋರಾಗಿ ಮೊಳಗಿತು. ದೊಡ್ಡ ಮೇಡಂ ಕಾದ ಕಾವಲಿ ಮುಟ್ಟಿದವರಂತೆ ಕೈ ಕಿತ್ತುಕೊಂಡರು. ಫೋಟೋದವನು ಗಾಬರಿಯಲ್ಲಿ ಗುಂಡಿ ಒತ್ತಿಬಿಟ್ಟ. ಸೀಟಿ ಮೇಷ್ಟ್ರು "ಎಲ್ರೂ ದೂರ ಸರೀರಿ!" ಎಂದು ಸೀಟಿ ಊದಿ, ಗ್ಲೋಬನ್ನೆತ್ತಿ ತೆಂಗಿನಕಾಯಿಯಂತೆ ಕುಲುಕಿದರು. ಟೇಪು ಬಿಟ್ಟುಕೊಂಡಿತು. ದಕ್ಷಿಣಾರ್ಧ ನೆಲಕ್ಕೆ ಬಿತ್ತು, ಫೋನು ಜಾರಿ ದೊಡ್ಡ ಮೇಡಂ ಮಡಿಲಿಗೆ ಬಿತ್ತು.

ಅವಳು ಕೈ ಚಾಚಿದಳು. ದೊಡ್ಡ ಮೇಡಂ ಟ್ರಾಫಿಕ್ ಪೊಲೀಸರ ಹಾಗೆ ಅಂಗೈ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ಫೋನನ್ನು ಕಿವಿಗಿಟ್ಟುಕೊಂಡರು.

"ಹಲೋ. ನಾನು ಅವರ ಹೆಡ್‌ಮಿಸ್ಟ್ರೆಸ್... ಎಲ್ಲಿಂದ?... ಒಂದು ವರ್ಷವೇ?" ಅವರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಅವಳ ಮುಖ ಇಂಗು ತಿಂದ ಮಂಗನಂತಾಗಿತ್ತು. "ಬಿಟ್ಟುಕೊಡೋಕೆ ಸಾಧ್ಯವೇ ಇಲ್ಲ. ಇಂಥ ಟೀಚರ್ ನಮಗೆ ಇನ್ನೊಬ್ಬರಿಲ್ಲ. ನಮ್ಮಲ್ಲಿ ಭೂಗೋಳ ಹೇಗೆ ಕಲಿಸ್ತಾರೆ ಗೊತ್ತಾ ನಿಮಗೆ? ಗ್ಲೋಬಿನೊಳಗಿಂದ ದನಿ ಬರುತ್ತೆ! ಅವರ್ಯಾಕೆ ಅಲ್ಲಿಗೆ ಬರ್ಬೇಕು? ನೀವೇ ಇಲ್ಲಿಗೆ ಬಂದು ಕಲೀರಿ... ಹೌದಾ? ಹಾಗೂ ಒಂದು ವ್ಯವಸ್ಥೆ ಇದೆಯಾ? ಬಹಳ ಸಂತೋಷ. ಇಳಿದುಕೊಳ್ಳೋಕಾ? ಟೀಚರ್ ಮನೇನೇ ಇದೆಯಲ್ಲ!"

ಫೋನಿಟ್ಟ ದೊಡ್ಡ ಮೇಡಂ ಬೈಯಲೇ ಇಲ್ಲ. ಅದೇ ದೊಡ್ಡ ಶಿಕ್ಷೆ.

"ಅಲ್ಲಮ್ಮಾ, ಇಷ್ಟು ದೊಡ್ಡ ವಿಷಯ ನನ್ನ ಹತ್ರ ಮುಚ್ಚಿಡೋದೇ? ಅಲ್ಲೀ ಟೀಚರ್ ಒಬ್ಬರು ನಮ್ಮ ಶಾಲೆಗೇ ಬರ್ತಾರೆ. ಒಂದು ವರ್ಷ! ನೀನು ಎಲ್ಲೂ ಅಲೆಯೋದೇ ಬೇಡ. ನಿಮ್ಮನೆಯವರಿಗೆ ನಾನೇ ಹೇಳ್ತೀನಿ, ಗಾಬರಿಯಾಗ್ಬೇಡ."

ಅವಳು ಸಂಜೆ ಮನೆ ಮುಟ್ಟುವಷ್ಟರಲ್ಲಿ ಸಾಮಾನಿನ ಕೋಣೆ ಖಾಲಿಯಾಗಿತ್ತು. ಇಷ್ಟು ವರ್ಷ ಎಲ್ಲಿಡುವುದೆಂದು ತಿಳಿಯದೆ ಕೂತಿದ್ದ ಸಾಮಾನಿಗೆಲ್ಲ ಒಂದು ಮಧ್ಯಾಹ್ನದಲ್ಲೇ ಜಾಗ ಸಿಕ್ಕಿತ್ತು. ಸೈಕಲ್ಲು ಫ್ರಿಜ್ಜಿಗೆ ಒರಗಿತ್ತು, ಕಬ್ಬಿಣದ ಟ್ರಂಕು ಅವಳ ಸ್ಟೂಲಿನ ಮೇಲೆ ಕೂತಿತ್ತು. ಕೋಣೆಯಲ್ಲಿ ಪಕ್ಕದ ಮನೆಯಿಂದ ತಂದ ಮೇಜು, ಹೊಸ ದೀಪ. ಬಡಗಿ ಬಾಗಿಲಿಗೆ ಚಿಲಕ ಕೂರಿಸುತ್ತಿದ್ದ.

"ಪರದೇಶದವರು ನೋಡು," ಎಂದ ಗಂಡ, ತಾನೇ ಕಂಡುಹಿಡಿದವನಂತೆ. "ಅವರಿಗೆ ಚಿಲಕ ಇರಲೇಬೇಕು."

"ನಾನು ಪತ್ರಿಕೆ ಎಲ್ಲಿ ತಿದ್ದಲಿ?"

"ಟ್ರಂಕಿನ ಮೇಲಿಟ್ಕೊಂಡು ನಿಂತೇ ತಿದ್ದಮ್ಮ," ಎಂದರು ಅತ್ತೆ. "ಹೇಗೂ ಎದ್ದು ಎದ್ದು ನಿಲ್ತಿದ್ದೆಯಲ್ಲ."

ಬಡಗಿ ಹೊರಗೆ ಬಂದು ಕೈ ಒರೆಸಿಕೊಂಡ. "ಅಮ್ಮಾ, ಒಳಗೆ ಹೋಗಿ ಒಂದ್ಸಲ ಹಾಕ್ಕೊಂಡು ನೋಡಿ."

ಅವಳು ಒಳಗೆ ಹೋಗಿ ಬಾಗಿಲೆಳೆದುಕೊಂಡಳು. ಚಿಲಕ ಎಣ್ಣೆ ಹಚ್ಚಿದ ಹಾಗೆ ಜಾರಿ ಕೂತಿತು. ಹೊರಗಿನ ಸದ್ದೆಲ್ಲ ಒಂದು ಹೆಜ್ಜೆ ಹಿಂದೆ ಸರಿದಂತಾಯಿತು. ಅವಳು ದೀಪ ಹಾಕಿ ಕುರ್ಚಿಯಲ್ಲಿ ಕೂತಳು. ಮೇಜಿನ ಮೇಲೆ ಎರಡೂ ಕೈ ಚಾಚಿ ಇಟ್ಟಳು.

"ಆಯ್ತೇನಮ್ಮಾ?"

"ಸ್ವಲ್ಪ ಬಿಗಿ," ಎಂದಳು. "ಇನ್ನೊಂದ್ಸಲ ನೋಡ್ತೀನಿ."

ತುಸು ಹೊತ್ತು ಬಿಟ್ಟು ಗಂಡ ಬಾಗಿಲು ಬಡಿದ. ಅವಳು ಮತ್ತೆ ಬಿಗಿ ಎಂದಳು. ಮೂರನೆಯ ಸಲ ಏನೂ ಹೇಳಲಿಲ್ಲ, ಕಣ್ಣು ಮುಚ್ಚಿ ಗಲ್ಲಕ್ಕೆ ಕೈ ಕೊಟ್ಟು ಕೂತಳು.

"ಅಯ್ಯೋ, ಒಳಗೇ ಸಿಕ್ಕಿಹಾಕ್ಕೊಂಡ್ಳು!" ಎಂಬ ಅತ್ತೆಯ ದನಿ ಕೇಳಿತು. "ಏನಾದ್ರೂ ಮಾಡಪ್ಪಾ ಬೇಗ!"

ಆ ಬಾಗಿಲು ಹೊರಕ್ಕೆ ತೆರೆಯುವಂಥದ್ದು, ಕೀಲುಗಳು ಹೊರಗೇ ಇದ್ದವು. ಬಡಗಿ ಚಕಚಕನೆ ತಿರುಪು ಬಿಚ್ಚಿದ. ಇಡೀ ಬಾಗಿಲೇ ಎದ್ದು ಬಂತು. ದೀಪದ ಕೆಳಗೆ ಆರಾಮಾಗಿ ಕೂತಿದ್ದ ಅವಳನ್ನು ಮೂವರೂ ನೋಡಿದರು. ಅವಳೂ ಅವರನ್ನು ನೋಡಿದಳು.

"ಪಾಪ, ಹೆದರಿಹೋಗಿದಾಳೆ," ಎಂದರು ಅತ್ತೆ. "ಈ ಚಿಲಕದ ಸಹವಾಸವೇ ಬೇಡ. ಬಂದವರೂ ಹೀಗೇ ಸಿಕ್ಕಿಹಾಕ್ಕೊಂಡ್ರೆ ಮರ್ಯಾದೆ ಏನಾಗ್ಬೇಕು? ಪರದೆ ಕಟ್ಟಿದ್ರಾಯ್ತು."

"ಅದೇ ಸರಿ," ಎಂದ ಗಂಡ. ಬಡಗಿ ಬಾಗಿಲನ್ನು ಗೋಡೆಗೆ ಒರಗಿಸಿ ತನ್ನ ಚೀಲ ಕಟ್ಟತೊಡಗಿದ.

ಆಗ ಮೇಜಿನ ಮೇಲೆ ಕೋಳಿ ಕೂಗಿತು. ಬರಲಿರುವ ಟೀಚರಿಂದ ಸಂದೇಶ. ಹೆಂಗಸು, ಭೂಗೋಳವನ್ನೇ ಕಲಿಸುವವಳು. ತಮ್ಮ ಕಡೆಯ ಬೋಧನಾ ವಿಧಾನ, ಜ್ಞಾನದ ವಿನಿಮಯ ಎಂದೆಲ್ಲ ತೂಕದ ಮಾತುಗಳನ್ನು ಬರೆದಿದ್ದಳು. ಕೊನೆಗೆ, ತಪ್ಪು ತಿಳಿಯಬಾರದು, ನಮ್ಮ ಮನೆಯಲ್ಲಿ ಬಹಳ ಜನ, ನನ್ನದು ಒಂದೇ ಪ್ರಶ್ನೆ, ನೀವು ಕೊಡುವ ಕೋಣೆಗೆ ಒಳಗಿನಿಂದ ಚಿಲಕ ಇದೆಯೇ ಎಂದು ಕೇಳಿದ್ದಳು.

ಅವಳು ಅದನ್ನು ಎರಡು ಸಲ ಓದಿದಳು. ಬರಿ ಚೌಕಟ್ಟಿನಾಚೆ ಅತ್ತೆ ಪರದೆಯ ಬಣ್ಣದ ಬಗ್ಗೆ ಮಾತಾಡುತ್ತಿದ್ದರು, ಬಡಗಿ ಚಪ್ಪಲಿ ಹುಡುಕುತ್ತಿದ್ದ.

"ರೀ, ಬಡಗಿಯವರನ್ನ ನಿಲ್ಲಿಸಿ!" ಎಂದು ಗಂಡನಿಗೆ ಕೂಗಿ ಹೇಳಿ, ಅವಳು ಉತ್ತರ ಬರೆಯತೊಡಗಿದಳು.