ಹಾಸಿದ ಕಲ್ಲು ಹಾಸಿದಂತಿರಲಿಲ್ಲ

ನಾನು ಹಾಸಿದ ಸಿಮೆಂಟ್ ಕಲ್ಲು ಹಾಸಿದ ಹಾಗೇ ಇರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಎಂಬತ್ತರ ದಶಕದಲ್ಲಿ ಮಗ್ಗ ಬಿಟ್ಟು, ಅಚ್ಚಿನಲ್ಲಿ ಕಲ್ಲು ಎರೆದು ಅಂಗಳ, ಕಾಲುದಾರಿಗಳಿಗೆ ಹಾಸುವ ಕೆಲಸ ಹಿಡಿದೆ. ಕೊಯಮತ್ತೂರು ಸೀಮೆಯ ಕನ್ನಡ ನೇಕಾರರಾದ ಅಪ್ಪನಿಗೆ ಅದು ಹಿಡಿಸಲಿಲ್ಲ. "ದೀಪಾವಳಿಯೊಳಗೆ ಕೆಡದೆ ಉಳಿದ ಒಂದೇ ಒಂದು ದಾರಿ ತೋರಿಸ್ಡಾ. ಇಲ್ದಿದ್ರೆ ಮತ್ತೆ ಮಗ್ಗದ ಗುಂಡಿಗೆ ಇಳಿ" ಎಂದರು. ಆ ಗುಂಡಿಯಲ್ಲಿ ಹತ್ತು ವರ್ಷ ಕಾಲು ಇಳಿಬಿಟ್ಟು ಕೂತವನು ನಾನು. ಮತ್ತೆ ಇಳಿಯುವುದನ್ನು ನೆನೆದರೇ ಜೀವ ಹೋಗುತ್ತಿತ್ತು.

ಲಕ್ಷ್ಮಿ ಕಾಲಿಡುವ ದಾರಿ

ಮೊದಲ ಕೆಲಸ ತೊಂಡಾಮುತ್ತೂರಿನಲ್ಲಿ, ನಮ್ಮ ಹಾಗೇ ಕನ್ನಡ ಮಾತಾಡುವ ರೈತರ ಮನೆ. ಬಾವಿಯಿಂದ ಬಾಗಿಲವರೆಗೆ ದಾರ ಕಟ್ಟಿ, ರಸಮಟ್ಟ ಇಟ್ಟು, ನಾಲ್ಕು ದಿನ ಬಗ್ಗಿ ಹಾಸಿದೆ. ಸೊಂಟ ಬಿದ್ದುಹೋದರೂ ಸಾಲು ನೂಲೆಳೆದಂತೆ ಬಂದಿತ್ತು. ಮರುದಿನವೇ ಅಪ್ಪನನ್ನು ಬಸ್ಸು ಹತ್ತಿಸಿ ಕರೆತಂದೆ. ದಾರಿಯೇ ಕಾಣಲಿಲ್ಲ! ಮನೆಯಾಕೆ ಉದ್ದಕ್ಕೂ ದಪ್ಪಗೆ ಸಗಣಿ ಸಾರಿಸಿ, ರಂಗೋಲಿ ಇಟ್ಟು ನಿಂತಿದ್ದರು.

"ಏನಕ್ಕಾ ಇದು?" ಎಂದೆ. ಅಳುವೇ ಬಂತು.

"ಬರೀ ಸಿಮೆಂಟ್ ಮೇಲೆ ಲಕ್ಷ್ಮಿ ಕಾಲಿಡ್ತಾಳಾ ತಂಬಿ? ನಿನ್ ಕಲ್ಲು ಅಡಿಯಲ್ಲಿ ಭದ್ರವಾಗೈತೆ."

ಅಪ್ಪ ಬಗ್ಗಿ ನೋಡಿ, "ಸಾರಿಸಿದ್ದು ಚೆನ್ನಾಗೈತೆ" ಎಂದರು.

ಎರಡು ದಿನ ನೀರು

ಕೊಯಮತ್ತೂರಿನಲ್ಲಿ ಪಂಪ್ ತಯಾರಿಸುವವರೊಬ್ಬರು, ಸಂಜೆ ಕುರ್ಚಿ ಹಾಕಿ ಕೂರಲು ಅಂಗಳಕ್ಕೆ ಕಲ್ಲು ಹಾಸಬೇಕೆಂದರು. ಮರಳಿನ ಮೇಲೆ ಕಲ್ಲು ಕೂರಿಸಿ, ಸಂದಿಗೆ ಸಿಮೆಂಟ್ ತುಂಬಿ, "ಎರಡು ದಿನ ನೀರು ಹಾಕ್ತಿರಿ" ಎಂದು ಹೇಳಿ ಬಂದೆ. ಚೆಂಬಿನಲ್ಲಿ ಚಿಮುಕಿಸಿಯಾರು ಎಂದುಕೊಂಡಿದ್ದೆ. ಅವರು ಹೊಸ ಪಂಪೊಂದನ್ನು ಬಾವಿಗೆ ಜೋಡಿಸಿ ಅಂಗಳಕ್ಕೆ ತಿರುಗಿಸಿಬಿಟ್ಟಿದ್ದರು. ಹೋಗಿ ನೋಡಿದರೆ ಮರಳೆಲ್ಲ ಕೊಚ್ಚಿಹೋಗಿ ಕಲ್ಲುಗಳು ಅಡ್ಡಾದಿಡ್ಡಿ ಬಿದ್ದಿವೆ. ತಲೆಯ ಮೇಲೆ ಕೈಹೊತ್ತು ಕೂತೆ. ಅವರ ಮುಖ ಮಾತ್ರ ಬೆಳಗುತ್ತಿತ್ತು.

"ನೋಡಿದೆಯಾ ತಂಬಿ, ಎಂಥಾ ವೇಗ!" ಎಂದರು ತಮಿಳಿನಲ್ಲಿ. "ಮರಳು ಬೇಕಾದರೆ ಪಕ್ಕದ ಮನೆಯಲ್ಲಿ ಕೇಳು, ಎಲ್ಲ ಅಲ್ಲೇ ಇದೆ."

ಊರ ಕಣ್ಣು

ಕಾಂಗೇಯಂನ ಎಣ್ಣೆ ಮಿಲ್ಲಿನವರ ಮನೆಯಲ್ಲಿ ಸಗಣಿಯಿಲ್ಲ, ಪಂಪಿಲ್ಲ ಎಂದು ವಿಚಾರಿಸಿಕೊಂಡೇ ಒಪ್ಪಿದೆ. ಕೆಲಸ ಮುಗಿದಾಗ ಮಾಲೀಕರಿಗೆ ಹಿಗ್ಗೋ ಹಿಗ್ಗು. ಇಷ್ಟು ಚೆಂದದ ದಾರಿಗೆ ದೃಷ್ಟಿ ತಗಲುತ್ತದೆಂದು, ಇನ್ನೂ ಸರಿಯಾಗಿ ಬಲಿಯದ ಕಲ್ಲಿನ ಮೇಲೆ ತೆಂಗಿನಕಾಯಿ ಒಡೆದರು. ಕಲ್ಲಿಗೊಂದು ಕಾಯಿ. "ಒಂದು ಸಾಕು ಅಣ್ಣಾ!" ಎಂದು ಗೋಗರೆದೆ. "ನನಗೆ ಕಾಯಿಗೆ ಬರವೇ?" ಎಂದು ಕೊನೆಯ ಕಲ್ಲಿನವರೆಗೂ ಹೋದರು. ಆಮೇಲೆ ಕೈ ಒರೆಸಿಕೊಂಡು, "ಇನ್ನು ಯಾರ ಕಣ್ಣೂ ಬೀಳುವುದಿಲ್ಲ" ಎಂದರು. ನಿಜ, ನೋಡುವಂಥದ್ದು ಏನೂ ಉಳಿದಿರಲಿಲ್ಲ.

ನಮ್ಮ ಬೀದಿ

ದೀಪಾವಳಿಗೆ ಎರಡೇ ವಾರ. ಗತಿಯಿಲ್ಲದೆ ನಮ್ಮ ಬೀದಿಯಲ್ಲೇ, ಮನೆ ಮುಂದೆ ಹಾಸಿದೆ. ಜಲ್ಲಿ ಸುರಿದು, ಬಡಿದು, ಗಾರೆಯಲ್ಲಿ ಕೂರಿಸಿದೆ. ಸಗಣಿ ಹಚ್ಚುವುದಿಲ್ಲವೆಂದು ಅಮ್ಮನಿಂದ ಆಣೆ ಹಾಕಿಸಿಕೊಂಡೆ. ಹತ್ತು ದಿನವಾದರೂ ಒಂದು ಕಲ್ಲೂ ಅಲುಗಲಿಲ್ಲ. ಅಪ್ಪ ದಿನವೂ ಅದರ ಮೇಲೆ ನಡೆದು ನೋಡುವರು. ಗೆದ್ದೆ ಎಂದುಕೊಂಡೆ.

ಒಂದು ಬೆಳಗ್ಗೆ ದಡಬಡ ಸದ್ದಿಗೆ ಎದ್ದು ಓಡಿದೆ. ಅಪ್ಪ ಮತ್ತು ಮೂವರು ನೇಕಾರರು ಹಾರೆ ಹಿಡಿದು ನನ್ನ ಕಲ್ಲು ಕೀಳುತ್ತಿದ್ದರು! ಮಗ್ಗಕ್ಕೇರಿಸುವ ಮುನ್ನ ನೂಲಿನ ಪಾವನ್ನು, ಅಂದರೆ ಉದ್ದೆಳೆಗಳನ್ನು, ಬೀದಿಯುದ್ದ ಬಿಗಿದು ಗಂಜಿ ಹಾಕುವುದು ನಮ್ಮ ಕಸುಬು. ಮಳೆಯಿಂದ ಹತ್ತು ದಿನ ನಿಂತಿದ್ದ ಆ ಕೆಲಸಕ್ಕೆ ಗೂಟ ನೆಡುವ ಜಾಗವೇ ಅದು. ಅಲ್ಲೇ ಹುಟ್ಟಿ ಬೆಳೆದ ನನಗೆ ಅದೊಂದು ಮರೆತಿತ್ತು.

"ಅಪ್ಪಾ, ನನ್ ದಾರಿ..."

"ಗೂಟ ಎಲ್ಲಿ ನೆಡೋದು, ನಿನ್ ತಲೆ ಮೇಲಾ?" ಎಂದು ಅಪ್ಪ ಬೆವರು ಒರೆಸಿಕೊಂಡರು. "ಆದ್ರೂ ಕೆಲ್ಸ ಅಂದ್ರೆ ಇದು ಕಣ್ಡಾ. ನಾಲ್ಕು ಜನ ಹಾರೆ ಹಾಕಿದ್ರೂ ಬೇಗ ಏಳ್ಲಿಲ್ಲ. ಒಪ್ಕೊಂಡೆ. ನೀ ಇನ್ನು ಮಗ್ಗಕ್ಕೆ ಬರ್ಬೇಡ."

ನನ್ನ ಕಣ್ಣು ತುಂಬಿ ಬಂತು. ಕಾಲಿಗೆ ಬೀಳಲು ಬಗ್ಗಿದೆ. ಅಪ್ಪ ಹಾರೆಯನ್ನು ನನ್ನ ಕೈಗಿಟ್ಟರು.

"ವಾರಕ್ಕೆ ಮೂರು ಪಾವು ಹಾಕ್ತೀವಿ. ಪ್ರತೀ ಸಲ ನೀನೇ ಕೀಳು, ನೀನೇ ಹಾಸು. ಸಾಯೋವರ್ಗೂ ಕೆಲ್ಸ ಐತೆ."